ನಾಯಿಮರಿ ಮಾರುವವರನ್ನು ನಂಬುವ ಮೊದಲು ಏನೇನು ನೋಡಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದವರು ದಯವಿಟ್ಟು ಅನುಭವ ತಿಳಿಸಿ

ಗಾಂಧಿನಗರ, ಬಳ್ಳಾರಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಮನೆಗೆ ತಂದ ಲ್ಯಾಬ್ರಡಾರ್ ಮರಿ ಏಳನೆಯ ದಿನ ತೀರಿಕೊಂಡಿತು. ನಾಲ್ಕನೆಯ ತರಗತಿಯಲ್ಲಿ ಓದುವ ಮಗಳು ಹಳೆಯ ಕೌದಿಯನ್ನು ಮಡಚಿ ಅದಕ್ಕೆ ಮಾಡಿದ್ದ ಹಾಸಿಗೆ ಇನ್ನೂ ಪಡಸಾಲೆಯಲ್ಲಿಯೇ ಇದೆ. ತೆಗೆದಿಡಲು ಅವಳು ಬಿಡುತ್ತಿಲ್ಲ. ಇನ್ನೊಂದು ಮರಿಯನ್ನು ತರುವ ಮೊದಲು ನಾವು ಎಲ್ಲಿ ಎಡವಿದೆವು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಬಂದ ಫೋಟೊ ನೋಡಿ ನಾನು ಫೋನ್ ಮಾಡಿದೆ. ಮಾರುವವರು ಬಹಳ ಸೌಜನ್ಯದಿಂದ ಮಾತನಾಡಿದರು. ಮರಿಗೆ ನಲವತ್ತೈದು ದಿನವಾಗಿದೆ, ಲಸಿಕೆ ಪೂರ್ತಿಯಾಗಿದೆ, ಇನ್ನೊಬ್ಬರು ಸಂಜೆಯೇ ಬಂದು ಒಯ್ಯುವವರಿದ್ದಾರೆ, ನಿಮಗೆ ಬೇಕಿದ್ದರೆ ಈಗಲೇ ಎರಡು ಸಾವಿರ ಮುಂಗಡ ಹಾಕಿ ಎಂದರು. ಹಾಕಿದೆ. ಮನೆಗೇ ಬಂದು ನೋಡುತ್ತೇನೆ ಎಂದಾಗ, ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ, ನಾನೇ ತಂದುಕೊಡುತ್ತೇನೆ ಎಂದು ಹೇಳಿ ರಾತ್ರಿ ಎಂಟೂವರೆಗೆ ಬಸ್ ನಿಲ್ದಾಣದ ಹತ್ತಿರ ಕರೆದರು. ರಟ್ಟಿನ ಡಬ್ಬಿಯಲ್ಲಿ ಮರಿ ಮಲಗಿತ್ತು. ಬೀದಿದೀಪದ ಬೆಳಕಿನಲ್ಲಿ ಅದರ ಮುಖವನ್ನಷ್ಟೇ ನೋಡಿದೆವು. ಕೈಗೆ ಒಂದು ಲಸಿಕೆ ಕಾರ್ಡ್ ಕೊಟ್ಟರು, ಉಳಿದ ಹಣ ಪಡೆದರು, ಹೋದರು.

ಮೂರನೆಯ ದಿನ ಮರಿ ತಿನ್ನುವುದನ್ನು ಬಿಟ್ಟಿತು. ಆಮೇಲೆ ವಾಂತಿ, ಮಾರನೆಯ ದಿನದಿಂದ ರಕ್ತ ಬೆರೆತ ಭೇದಿ. ವೈದ್ಯರು ಪರೀಕ್ಷಿಸಿ ಪಾರ್ವೊ ಎಂದರು. ಮೂರು ದಿನ ಸಲೈನ್ ಹಾಕಿಸಿದರೂ ಉಳಿಯಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ರೋಗ ನಿಮ್ಮ ಮನೆಗೆ ಬಂದ ಮೇಲೆ ಬಂದದ್ದು, ನಮ್ಮ ಹೊಣೆಯಲ್ಲ ಎಂದರು. ಎರಡನೆಯ ಸಲ ಮಾಡುವಷ್ಟರಲ್ಲಿ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ್ದರು.

ಸಿರುಗುಪ್ಪದ ಕಡೆ ಒಕ್ಕಲುತನ ಮಾಡುವ ನನ್ನ ತಂದೆ ವಿಷಯ ಕೇಳಿ ಒಂದೇ ಮಾತು ಕೇಳಿದರು: "ಅದರ ತಾಯೀನ ನೋಡಿದ್ದೇನಪ್ಪಾ?" ಸಂತೆಯಲ್ಲಿ ಹೋರಿ ಕೊಳ್ಳುವಾಗ ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಬೆಲೆಯ ಮಾತಿಗೆ ಬರುವವರು ಅವರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಇದನ್ನೆಲ್ಲ ಮೊದಲೇ ಗುರುತಿಸುವುದು ಹೇಗೆ ಎಂದು ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪಶುವೈದ್ಯ, ರಾಯಚೂರು

ನಿಮ್ಮ ಮಗಳ ವಿಷಯ ಓದಿ ಮನಸ್ಸಿಗೆ ನೋವಾಯಿತು. ಇಂಥ ಮರಿಗಳನ್ನು ಎದೆಗವಚಿಕೊಂಡು ಬರುವ ಮಕ್ಕಳನ್ನು ನಾನು ವರ್ಷವೂ ನೋಡುತ್ತೇನೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಮಾರಿದವರು ಹೇಳಿದ ಮಾತನ್ನು ನಂಬುವುದು ಕಷ್ಟ. ಪಾರ್ವೊ ವೈರಾಣು ದೇಹವನ್ನು ಹೊಕ್ಕ ದಿನದಿಂದ ಲಕ್ಷಣ ಕಾಣಿಸಿಕೊಳ್ಳುವವರೆಗೆ ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ಕೆಲವೊಮ್ಮೆ ಎರಡು ವಾರದವರೆಗೂ ಹಿಡಿಯುತ್ತದೆ. ಮನೆಗೆ ಬಂದ ಮೂರನೆಯ ದಿನವೇ ಮರಿ ಮಂಕಾಗಿದೆ ಎಂದರೆ, ಅದು ಬಹುಮಟ್ಟಿಗೆ ಮಾರುವವರ ಹತ್ತಿರವಿದ್ದಾಗಲೋ ಸಾಗಣೆಯ ದಾರಿಯಲ್ಲೋ ಸೋಂಕಿಗೆ ಸಿಕ್ಕಿರಬೇಕು. ಬೇರೆ ಬೇರೆ ಕಡೆಯ ಮರಿಗಳನ್ನು ತಂದು ಒಂದೇ ಕೋಣೆಯಲ್ಲಿ ತುಂಬುವ ದಲ್ಲಾಳಿಗಳ ಜಾಗದಲ್ಲಿ ಒಂದು ಮರಿಯ ಮಲದಿಂದ ಇಡೀ ಗುಂಪಿಗೆ ಇದು ಹರಡುತ್ತದೆ. ಡಿಸ್ಟೆಂಪರ್ ಇನ್ನೂ ಮೋಸಗಾರ ರೋಗ. ಅದರ ಲಕ್ಷಣ ಹೊರಬೀಳಲು ವಾರಗಳೇ ಬೇಕಾಗಬಹುದು, ಅಷ್ಟರಲ್ಲಿ ಕೊಂಡವರಿಗೆ ಮಾರಿದವರ ನೆನಪೂ ಮಾಸಿರುತ್ತದೆ.

ಎರಡನೆಯದು ಲಸಿಕೆಯ ಮಾತು. ನಲವತ್ತೈದು ದಿನದ ಮರಿಗೆ "ಲಸಿಕೆ ಪೂರ್ತಿಯಾಗಿದೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ, ಏಕೆಂದರೆ ಅದು ಸಾಧ್ಯವೇ ಇಲ್ಲ. ಮರಿಗಳ ಮೊದಲ ಲಸಿಕೆ ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ಮರುಡೋಸ್ ಕೊಡುತ್ತ ಹದಿನಾರನೆಯ ವಾರದವರೆಗೂ ಹೋಗಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ದೇಹದಲ್ಲಿ ಇರುವವರೆಗೆ ಲಸಿಕೆಯ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಆ ರಕ್ಷಣೆ ಯಾವ ದಿನ ಕರಗುತ್ತದೆಂಬುದು ಮರಿಯಿಂದ ಮರಿಗೆ ಬೇರೆಯಾಗಿರುತ್ತದೆ, ಆದ್ದರಿಂದಲೇ ಒಂದೇ ಚುಚ್ಚುಮದ್ದಿಗೆ ಬಿಡದೆ ಮತ್ತೆ ಮತ್ತೆ ಕೊಡುವುದು. ರೇಬೀಸ್ ಲಸಿಕೆಯ ಸರದಿ ಬರುವುದು ಮೂರು ತಿಂಗಳಿಗೆ. ಒಂದೂವರೆ ತಿಂಗಳ ಮರಿಯ ಕಾರ್ಡಿನಲ್ಲಿ ರೇಬೀಸ್ ಲಸಿಕೆ ಆಗಿದೆ ಎಂದು ಬರೆದಿದ್ದರೆ ಒಂದೋ ವಯಸ್ಸು ಸುಳ್ಳು, ಇಲ್ಲವೇ ಕಾರ್ಡ್ ಸುಳ್ಳು.

ಕಾರ್ಡನ್ನು ಹೀಗೆ ನೋಡಿ. ಲಸಿಕೆಯ ಸೀಸೆಯ ಮೇಲಿನ ಸಣ್ಣ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸುವುದು ರೂಢಿ. ಅದರಲ್ಲಿ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರುತ್ತವೆ. ಪಕ್ಕದಲ್ಲಿ ವೈದ್ಯರ ಸಹಿ, ನೋಂದಣಿ ಸಂಖ್ಯೆಯಿರುವ ಮೊಹರು, ಕೊಟ್ಟ ದಿನಾಂಕ ಇರಬೇಕು. ಬರಿಯ ಪೆನ್ನಿನಲ್ಲಿ "ಡಿಎಚ್‌ಪಿ ಆಗಿದೆ" (ಡಿಸ್ಟೆಂಪರ್, ಹೆಪಟೈಟಿಸ್, ಪಾರ್ವೊಗಳ ಕೂಡುಲಸಿಕೆ) ಎಂದು ಬರೆದ ಕಾರ್ಡಿಗೆ ಬೆಲೆಯಿಲ್ಲ. ಕಾರ್ಡಿನಲ್ಲಿರುವ ವೈದ್ಯರಿಗೆ ಮಾರುವವರ ಎದುರಿಗೇ ಒಂದು ಫೋನ್ ಮಾಡಿ ಕೇಳಿ. ನಮ್ಮಂಥವರಿಗೆ ಅದರಿಂದ ಯಾವ ಬೇಸರವೂ ಆಗುವುದಿಲ್ಲ. ಇನ್ನೊಂದು ಮಾತು: ಲಸಿಕೆಯನ್ನು ತಂದ ಕ್ಷಣದಿಂದ ಹಾಕುವ ಕ್ಷಣದವರೆಗೆ 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ತಂದು ಸ್ವತಃ ಚುಚ್ಚಿದ ಲಸಿಕೆ ನೀರಿಗೆ ಸಮ. "ನಾನೇ ಹಾಕುತ್ತೇನೆ, ಡಾಕ್ಟರ್ ಏಕೆ" ಎನ್ನುವ ಮಾರಾಟಗಾರರನ್ನು ಈ ಕಾರಣಕ್ಕೆ ನಂಬಬೇಡಿ.

ವಯಸ್ಸಿಗೆ ನಿಮ್ಮ ತಂದೆಯವರು ಹೋರಿಗೆ ಮಾಡುವುದನ್ನೇ ಮಾಡಿ, ಹಲ್ಲು ನೋಡಿ. ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ ಮರಿಯ 28 ಹಾಲುಹಲ್ಲುಗಳೂ ಮೂಡಿರುತ್ತವೆ. ಮುಂದಿನ ಹಲ್ಲು, ಕೋರೆಹಲ್ಲು ಮಾತ್ರ ಇದ್ದು ಹಿಂದಿನ ದವಡೆಯ ಒಸಡು ಬರಿದಾಗಿದ್ದರೆ ಅದು ಒಂದು ತಿಂಗಳ ಆಸುಪಾಸಿನ ಕೂಸು. ತೀರ ಸಣ್ಣ ಜಾತಿಗಳಲ್ಲಿ ಹಲ್ಲು ತಡವಾಗುವುದುಂಟು, ಅಂಥಲ್ಲಿ ನಡಿಗೆ ನೋಡಿ: ಎಂಟು ವಾರದ ಮರಿ ತಡವರಿಸದೆ ಓಡುತ್ತದೆ, ತಟ್ಟೆಯಿಂದ ತಾನೇ ತಿನ್ನುತ್ತದೆ. ಒಸಡು ಗುಲಾಬಿ ಬಣ್ಣದ್ದಾಗಿರಬೇಕು. ಬಿಳುಚಿಕೊಂಡಿದ್ದರೆ ಜಂತುಹುಳುವೋ ಉಣ್ಣಿಯೋ ರಕ್ತ ಹೀರುತ್ತಿವೆ ಎಂದು ತಿಳಿಯಿರಿ. ಮೈ ಸೊರಗಿ ಹೊಟ್ಟೆ ಮಾತ್ರ ಮಡಕೆಯಂತೆ ಉಬ್ಬಿದ್ದರೂ ಜಂತುಹುಳುವಿನ ಗುರುತೇ. ಬಾಲದ ಕೆಳಗೆ ಕೂದಲು ಒದ್ದೆಯಾಗಿ ಅಂಟಿಕೊಂಡಿದೆಯೇ, ಹೊಸದಾಗಿ ತೊಳೆದಂತಿದೆಯೇ ನೋಡಿ. ಇದೆಲ್ಲವನ್ನೂ ಹಗಲಿನಲ್ಲಿ ನೋಡಬೇಕು. ರಾತ್ರಿ ಎಂಟೂವರೆಗೆ ಕರೆದದ್ದು ಆಕಸ್ಮಿಕವಲ್ಲ ಎಂದು ನನಗನಿಸುತ್ತದೆ.

ಕೊನೆಯದಾಗಿ, ದಯವಿಟ್ಟು ಅವಸರದಲ್ಲಿ ಇನ್ನೊಂದು ಮರಿ ತರಬೇಡಿ. ಪಾರ್ವೊ ವೈರಾಣು ಮಣ್ಣಿನಲ್ಲಿ, ಬಿರುಕುಗಳಲ್ಲಿ ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷದವರೆಗೂ ಉಳಿಯುತ್ತದೆ, ಫಿನಾಯಿಲಿಗೆ ಬಗ್ಗುವುದಿಲ್ಲ. ಮನೆಬಳಕೆಯ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಮೊದಲು ಸೋಪಿನಿಂದ ತೊಳೆದ ನೆಲದ ಮೇಲೆ ಸುರಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆ ಕೌದಿಯನ್ನು ಸುಡುವುದೇ ಒಳ್ಳೆಯದು. ಮಗಳಿಗೆ ಕಾರಣ ತಿಳಿಸಿ ಹೇಳಿ.

ತೋರಣಗಲ್ಲು ಟೌನ್‌ಶಿಪ್ ನಿವಾಸಿ

ನಿಮಗೆ ಮರಿಯಾದರೂ ಕೈಗೆ ಬಂತು. ನನಗೆ ಮರಿಯೇ ಇರಲಿಲ್ಲ. ಆ ಬಗೆಯ ಮೋಸವೂ ಇಲ್ಲಿ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ.

ಫೇಸ್‌ಬುಕ್‌ನಲ್ಲಿ ಗೋಲ್ಡನ್ ರಿಟ್ರೀವರ್ ಮರಿಯ ಜಾಹೀರಾತು ನೋಡಿದೆ. ತಾನು ಸೇನೆಯಲ್ಲಿರುವವನು, ವರ್ಗಾವಣೆಯಾಗಿದೆ, ಮರಿಯನ್ನು ಒಳ್ಳೆಯ ಮನೆಗೆ ಕೊಟ್ಟರೆ ಸಾಕು ಎಂದು ಎದುರಿನವನು ಹೇಳಿದ. ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿಯನ್ನೂ ಕಳುಹಿಸಿದ. ಬೆಲೆ ಪೇಟೆಯಲ್ಲಿ ಇರುವುದರ ಮೂರನೆಯ ಒಂದು ಪಾಲು. ಮೊದಲು ಸಾಗಣೆಯ ಖರ್ಚೆಂದು ಸ್ವಲ್ಪ ಹಣ, ಆಮೇಲೆ ಪಂಜರಕ್ಕೆಂದು ಇನ್ನಷ್ಟು, ಆಮೇಲೆ ದಾರಿಯಲ್ಲಿ ತಪಾಸಣೆಗೆ ಹಿಡಿದಿದ್ದಾರೆ, ವಿಮೆಯ ಹಣ ಕಟ್ಟಿದರೆ ಬಿಡುತ್ತಾರೆ, ಮರಿ ಬಂದ ಮೇಲೆ ಅದನ್ನು ಹಿಂದಿರುಗಿಸುತ್ತೇವೆ ಎಂದು ಮತ್ತಷ್ಟು. ಪ್ರತಿ ಸಲವೂ ಮೊತ್ತ ಸಣ್ಣದು, ಅದಕ್ಕೇ ಕೊಡುತ್ತ ಹೋದೆ. ಕೊನೆಗೆ ಹಿಂದಿರುಗಿಸುವ ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದಾಗ ನನ್ನ ಪತ್ನಿ ತಡೆದಳು. ಹಣ ಬರುವುದಕ್ಕೆ ಯಾವತ್ತೂ ಪಿನ್ ಬೇಕಿಲ್ಲ, ಹಣ ಹೋಗುವುದಕ್ಕೆ ಮಾತ್ರ ಬೇಕು. ಇದನ್ನು ಮನೆಯ ಹಿರಿಯರಿಗೂ ಹೇಳಿಕೊಡಿ.

ನಾನು ಆಗಲೇ ಮಾಡಬೇಕಿದ್ದ ಕೆಲಸಗಳೆಂದರೆ, ಆ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡುವುದು, ಮತ್ತು ವಿಡಿಯೊ ಕರೆ ಮಾಡಿ, ಇಂದಿನ ತಾರೀಖನ್ನು ಕಾಗದದಲ್ಲಿ ಬರೆದು ಮರಿಯ ಪಕ್ಕದಲ್ಲಿ ಹಿಡಿಯಿರಿ ಎಂದು ಕೇಳುವುದು. ಆಮೇಲೆ ಹುಡುಕಿದಾಗ ಅದೇ ಮರಿಯ ಚಿತ್ರ ಬೇರೆ ದೇಶದ ಪುಟವೊಂದರಲ್ಲಿ ಸಿಕ್ಕಿತು. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಹಿಡಿಸುವ ಅವಕಾಶವಿರುವುದು ಆ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ನಾನು ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದು ಆ ಅವಕಾಶವನ್ನು ಕಳೆದುಕೊಂಡೆ.

ಗಾಂಧಿನಗರ, ಬಳ್ಳಾರಿ (ಚರ್ಚೆ ಆರಂಭಿಸಿದವರು)

ವೈದ್ಯರಿಗೆ ಹೃತ್ಪೂರ್ವಕ ಧನ್ಯವಾದ. ಕಾರ್ಡನ್ನು ಈಗ ತೆಗೆದು ನೋಡಿದೆ. ಅದರಲ್ಲಿ ಚೀಟಿಯೂ ಇಲ್ಲ, ಮೊಹರೂ ಇಲ್ಲ. "ಎಆರ್‌ವಿ" ಎಂದು ಬರೆದು ಸರಿ ಗುರುತು ಹಾಕಿದ್ದಾರೆ. ಅದು ರೇಬೀಸ್ ಲಸಿಕೆ ಎಂಬುದೇ ನನಗೆ ತಿಳಿದಿರಲಿಲ್ಲ. ಕೌದಿಯ ವಿಷಯವನ್ನು ಮಗಳಿಗೆ ಇಂದು ರಾತ್ರಿ ಹೇಳುತ್ತೇನೆ.

ಒಂದು ಪ್ರಶ್ನೆ. ಮಾರುವವರು "ಪೇಪರ್ ಇರುವ ಮರಿ ಬೇಕೋ, ಪೇಪರ್ ಇಲ್ಲದ್ದು ಬೇಕೋ" ಎಂದು ಎರಡು ಬೆಲೆ ಹೇಳಿದ್ದರು. ಪೇಪರ್ ಇದ್ದರೆ ನಂಬಬಹುದೇ?

ಶೆಫರ್ಡ್ ಸಾಕಣೆ, ಬಳ್ಳಾರಿ

ಇಪ್ಪತ್ತು ವರ್ಷಗಳಿಂದ ಜರ್ಮನ್ ಶೆಫರ್ಡ್ ಸಾಕುತ್ತಿದ್ದೇನೆ, ಆಗೊಮ್ಮೆ ಈಗೊಮ್ಮೆ ಮರಿಗಳನ್ನೂ ಕೊಟ್ಟಿದ್ದೇನೆ. ಸರ್, ಆ ಪ್ರಶ್ನೆಯೇ ನಿಮಗೊಂದು ಎಚ್ಚರಿಕೆಯಾಗಬೇಕಿತ್ತು. ಒಂದೇ ಸೂಲಿನ ಮರಿಗಳಲ್ಲಿ ತಂದೆ ತಾಯಿ ಇಬ್ಬರೂ ನೋಂದಣಿಯಾಗಿದ್ದರೆ ಎಲ್ಲ ಮರಿಗಳಿಗೂ ಪೇಪರ್ ಆಗುತ್ತದೆ. ಇಲ್ಲದಿದ್ದರೆ ಒಂದಕ್ಕೂ ಆಗುವುದಿಲ್ಲ. ಒಂದೇ ಮರಿಯನ್ನು ತೋರಿಸಿ ಪೇಪರ್ ಸಮೇತ ಇಷ್ಟು, ಇಲ್ಲದೆ ಇಷ್ಟು ಎನ್ನುವವರು ಎಲ್ಲಿಂದಲೋ ಕಾಗದ ತಂದು ಜೋಡಿಸುವವರಾಗಿರುವ ಸಾಧ್ಯತೆಯೇ ಹೆಚ್ಚು.

ಪೇಪರ್ ಎಂದು ಜನ ಹೇಳುವುದು ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರವನ್ನು. 1896ರಲ್ಲಿ ಆರಂಭವಾದ ಈ ಸಂಸ್ಥೆಯ ಕಚೇರಿ ಚೆನ್ನೈನಲ್ಲಿದೆ. ಪತ್ರದಲ್ಲಿ ಮರಿಯ ನೋಂದಣಿ ಸಂಖ್ಯೆ, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಸಾಕಿದವರ ಹೆಸರು ಇರುತ್ತವೆ. ಮರಿಯ ಚರ್ಮದಡಿ ಹಾಕುವ ಮೈಕ್ರೊಚಿಪ್‌ಗೆ 15 ಅಂಕಿಗಳಿರುತ್ತವೆ. ವೈದ್ಯರ ಹತ್ತಿರ ಚಿಪ್ ಓದುವ ಯಂತ್ರವಿದ್ದರೆ ಕಾಗದದ ಅಂಕಿಯೂ ಮರಿಯ ಮೈಯೊಳಗಿನ ಅಂಕಿಯೂ ಒಂದೇ ಎಂಬುದನ್ನು ನೋಡಿಕೊಳ್ಳಬಹುದು. ಇಷ್ಟೆಲ್ಲ ಸರಿಯಿದ್ದರೂ ಆ ಕಾಗದ ವಂಶವನ್ನು ಹೇಳುತ್ತದೆಯೇ ಹೊರತು ಆರೋಗ್ಯವನ್ನು ಹೇಳುವುದಿಲ್ಲ. ಸೊಂಟದ ಕೀಲು ಕೆಟ್ಟ ತಂದೆ ತಾಯಿಗೂ ಪೇಪರ್ ಇರಬಹುದು. ಶೆಫರ್ಡ್, ಲ್ಯಾಬ್ರಡಾರ್ ಕೊಳ್ಳುವವರು ತಾಯಿಯನ್ನು ನಡೆಸಿ, ಓಡಿಸಿ ನೋಡಬೇಕು. ಹಿಂಗಾಲು ಎಳೆದು ನಡೆಯುತ್ತಿದ್ದರೆ ಮರಿ ಎಷ್ಟೇ ಮುದ್ದಾಗಿರಲಿ, ಬಿಟ್ಟುಬಿಡಬೇಕು.

ಮಾತಿನಲ್ಲಿಯೂ ಗುರುತು ಸಿಗುತ್ತದೆ. "ಡಬಲ್ ಬೋನ್", "ಪಂಚ್ ಫೇಸ್", "ಟೀಕಪ್" ಎನ್ನುವುದೆಲ್ಲ ಮಾರುಕಟ್ಟೆಯ ಪದಗಳು, ಯಾವ ಜಾತಿಯ ಲಕ್ಷಣಪಟ್ಟಿಯಲ್ಲಿಯೂ ಇಲ್ಲದವು. ಯಾವ ಜಾತಿ ಕೇಳಿದರೂ, ಯಾವ ತಿಂಗಳು ಕೇಳಿದರೂ ಮರಿ ಸಿದ್ಧವಿದೆ ಎನ್ನುವವರು ಸಾಕುವವರಲ್ಲ. ಹೆಣ್ಣುನಾಯಿ ಬೆದೆಗೆ ಬರುವುದೇ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ, ಗರ್ಭ ಸುಮಾರು 63 ದಿನ, ಅದರ ಮೇಲೆ ಎಂಟು ವಾರದ ಸಾಕಣೆ. ಒಂದು ಮನೆಯಲ್ಲಿ ಎಷ್ಟು ಮರಿಗಳಾಗಬಹುದೆಂದು ನೀವೇ ಲೆಕ್ಕ ಹಾಕಿ. ನನ್ನ ಹತ್ತಿರ ಮರಿ ಕೇಳಿದವರು ಎಂಟು ತಿಂಗಳು ಕಾದದ್ದುಂಟು.

ಕಾನೂನೂ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ಬಂದ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ, ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ, ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಮಾಡಿಸುವಂತಿಲ್ಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಹಾಕಿಸುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿದಾಗ ಎದುರಿನವರ ದನಿ ಬದಲಾಗುವುದನ್ನು ಗಮನಿಸಿ. ನಿಮ್ಮ ನಲವತ್ತೈದು ದಿನದ ಮರಿ, ಹೇಳಿದ ವಯಸ್ಸು ನಿಜವೇ ಆಗಿದ್ದರೂ, ಮಾರಾಟಕ್ಕೆ ಬರಬಾರದಾಗಿತ್ತು.

ಒಳ್ಳೆಯ ಸಾಕಣೆದಾರರು ಹಣದ ಮಾತಿಗಿಂತ ಮೊದಲು ನಿಮ್ಮನ್ನು ವಿಚಾರಿಸುತ್ತಾರೆ. ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಹಿಂದೆ ನಾಯಿ ಇತ್ತೇ, ಅದು ಏನಾಯಿತು ಎಂದೆಲ್ಲ ನಾನು ಕೇಳುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗ ಎನಿಸಿ ಎದ್ದು ಹೋಗಿದ್ದಾರೆ. ಹೋಗಲಿ, ಅಂಥವರಿಗೆ ಮರಿ ಕೊಡುವ ಮನಸ್ಸು ನನಗಿಲ್ಲ.

ಗಂಗಾವತಿ ಗೃಹಿಣಿ

ಎಲ್ಲರ ಮಾತನ್ನೂ ಒಪ್ಪುತ್ತೇನೆ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನಮ್ಮ ಮನೆಯ ಪಾಮೆರೇನಿಯನ್ ಎರಡು ವರ್ಷದ ಹಿಂದೆ ನಾಲ್ಕು ಮರಿ ಹಾಕಿತು. ನಾನು ವ್ಯಾಪಾರಸ್ಥಳಲ್ಲ, ಪೇಪರ್ ಇರಲಿಲ್ಲ, ಚಿಪ್ ಇರಲಿಲ್ಲ. ಬಂದವರು ಮೊದಲು ಕೇಳುತ್ತಿದ್ದ ಮಾತು, "ಅಕ್ಕಾರ, ಇನ್ನೂ ಸಣ್ಣದು ಇಲ್ಲವೇ? ತಿಂಗಳಿನ ಮರಿಯಾದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ" ಎಂದು. ಎರಡು ತಿಂಗಳು ಕಾಯಿರಿ ಎಂದರೆ ಬೇರೆ ಕಡೆ ಹೋಗುತ್ತಿದ್ದರು. ಕೊಳ್ಳುವವರೇ ತಿಂಗಳಿನ ಕೂಸನ್ನು ಕೇಳಿದರೆ ದಲ್ಲಾಳಿ ಅದನ್ನೇ ತರುತ್ತಾನೆ. ತಾಯಿಯ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆ ಕೊನೆಯ ವಾರಗಳಲ್ಲಿ ಆಡಿಯೇ ಮರಿ ಎಷ್ಟು ಜೋರಾಗಿ ಕಚ್ಚಬಾರದೆಂಬುದನ್ನು ಕಲಿಯುತ್ತದೆ. ನಮ್ಮಲ್ಲಿ ಒಂದು ಮರಿ ಅಣ್ಣನ ಕಿವಿಯನ್ನು ಜೋರಾಗಿ ಹಿಡಿದರೆ ತಾಯಿ ಮೂತಿಯಿಂದ ಒತ್ತಿ ಅದನ್ನು ಮಲಗಿಸುತ್ತಿತ್ತು. ಅದನ್ನು ಮನುಷ್ಯರು ಕಲಿಸಲಾರರು.

ಮನೆಗೆ ಕರೆಯಲಿಲ್ಲ ಎಂದ ಮಾತ್ರಕ್ಕೆ ಎಲ್ಲರನ್ನೂ ಮೋಸಗಾರರೆನ್ನುವುದು ಸರಿಯಲ್ಲ. ಹಗಲು ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ; ಗುರುತಿಲ್ಲದ ಗಂಡಸರು ಫೋನ್ ಮಾಡಿ ವಿಳಾಸ ಕೇಳಿದರೆ ಕೊಡಲು ನನಗೂ ಭಯವಾಗುತ್ತಿತ್ತು.

ಶೆಫರ್ಡ್ ಸಾಕಣೆ, ಬಳ್ಳಾರಿ

ಅಕ್ಕನವರು ಹೇಳಿದ್ದು ನ್ಯಾಯವಾದ ಮಾತು, ನಾನು ಯೋಚಿಸಿರಲಿಲ್ಲ. ಅಂಥ ಸಂದರ್ಭದಲ್ಲಿ ಭಾನುವಾರ, ಮನೆಯವರೆಲ್ಲ ಇರುವಾಗ, ಕುಟುಂಬ ಸಮೇತ ಬನ್ನಿ ಎಂದು ಕರೆಯಬಹುದು. ಇಲ್ಲವೇ ತಾಯಿ ಮರಿಗಳಿಗೆ ಹಾಲುಣಿಸುವುದನ್ನು ವಿಡಿಯೊ ಕರೆಯಲ್ಲಿ ತೋರಿಸಿ, ವೈದ್ಯರ ಆಸ್ಪತ್ರೆಯಲ್ಲಿ ಭೇಟಿಯಾಗಿ ಅಲ್ಲಿಯೇ ಪರೀಕ್ಷಿಸಿ ಕೊಡಬಹುದು. ದಾರಿ ಯಾವುದಾದರೂ ಇರಲಿ, ತಾಯಿ ಕಾಣಬೇಕು. ಒಂದೇ ಎಚ್ಚರಿಕೆ: ಯಾವುದೋ ಹೆಣ್ಣುನಾಯಿಯನ್ನು ಕಟ್ಟಿ ಇದೇ ತಾಯಿ ಎನ್ನುವವರೂ ಇದ್ದಾರೆ. ಎರಡು ತಿಂಗಳು ಮರಿಗಳಿಗೆ ಹಾಲುಣಿಸಿದ ನಾಯಿಯ ಮೊಲೆಗಳು ಜೋತಿರುತ್ತವೆ, ಮೈಯ ಕೂದಲು ಉದುರಿರುತ್ತದೆ, ಮರಿಗಳನ್ನು ಬಿಟ್ಟರೆ ಅವು ನೇರವಾಗಿ ಅದರ ಹೊಟ್ಟೆಯ ಕೆಳಗೆ ನುಗ್ಗುತ್ತವೆ. ಆಗ ಗುರುತು ಹತ್ತದೆ ಇರುವುದಿಲ್ಲ.

ಕುಷ್ಟಗಿ

ನಮ್ಮ ಕಡೆ ಮುಧೋಳ ನಾಯಿಯ ಹೆಸರಿನಲ್ಲಿ ನಡೆಯುವ ಮೋಸವನ್ನು ಸೇರಿಸುತ್ತೇನೆ. ನಮ್ಮ ಹಿರಿಯರು ಕುರಿ ಕಾಯುವವರು. ಮನೆಯಲ್ಲಿ ಯಾವಾಗಲೂ ಒಂದೆರಡು ಮುಧೋಳ ನಾಯಿಗಳು ಇರುತ್ತಿದ್ದವು. 2005ರಲ್ಲಿ ಈ ನಾಯಿಯ ಅಂಚೆಚೀಟಿ ಬಂತು, ಆಮೇಲೆ ಸೇನೆಯವರು ತರಬೇತಿಗೆ ಒಯ್ದರೆಂಬ ಸುದ್ದಿ ಬಂತು, ಆಗಿನಿಂದ ಪಟ್ಟಣದವರ ಬೇಡಿಕೆ ಏರಿತು. ಎರಡು ತಿಂಗಳ ಮರಿಯಲ್ಲಿ ದೊಡ್ಡ ನಾಯಿಯ ಆ ಉದ್ದ ಮೂತಿ, ಆಳವಾದ ಎದೆ, ಒಳಗೆ ಸೆಳೆದ ಹೊಟ್ಟೆ ಇನ್ನೂ ಮೂಡಿರುವುದಿಲ್ಲ. ಇದನ್ನೇ ಬಳಸಿಕೊಂಡು ಉಪವಾಸವಿಟ್ಟು ಸೊರಗಿಸಿದ ಬೀದಿಮರಿಯನ್ನು ಮುಧೋಳ ಎಂದು ಮಾರುತ್ತಾರೆ. ಬೀದಿಮರಿ ಸಾಕುವುದರಲ್ಲಿ ಯಾವ ಕೊರತೆಯೂ ಇಲ್ಲ, ಅದೂ ನಿಷ್ಠೆಯ ಪ್ರಾಣಿ. ಆದರೆ ಹಸಿವಿನಿಂದ ಸೊರಗಿಸುವುದು ಕ್ರೌರ್ಯ.

ಮುಧೋಳವೇ ಬೇಕಿದ್ದವರು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ವಿಚಾರಿಸಬೇಕು. ನಮ್ಮಿಂದ ಇಳಕಲ್, ಬಾಗಲಕೋಟೆಯ ಮೇಲೆ ಒಂದು ದಿನದಲ್ಲಿ ಹೋಗಿ ಬರಬಹುದು. ಸುತ್ತಲಿನ ಹಳ್ಳಿಗಳಲ್ಲಿಯೂ ಈ ನಾಯಿಗಳನ್ನು ಸಾಕುವ ಮನೆಗಳಿವೆ, ತಂದೆ ತಾಯಿ ಎರಡನ್ನೂ ಕಣ್ಣಾರೆ ನೋಡಲು ಸಿಗುತ್ತದೆ.

ಸಿಂಧನೂರು ಶಿಕ್ಷಕ

ಬರಹದಲ್ಲಿ ಇರಬೇಕಾದದ್ದನ್ನು ಕುರಿತು ಎರಡು ಮಾತು. ಮರಿ ಕೊಳ್ಳುವಾಗ ಬಿಳಿ ಹಾಳೆಯಲ್ಲಾದರೂ ಸರಿ, ಮಾರುವವರ ಹೆಸರು, ವಿಳಾಸ, ಮರಿಯ ಹುಟ್ಟಿದ ದಿನಾಂಕ, ಕೊಟ್ಟ ಹಣ, ಆಗಿರುವ ಲಸಿಕೆ ಇಷ್ಟನ್ನು ಬರೆಸಿ ಸಹಿ ಪಡೆಯಿರಿ. ಎರಡು ಮೂರು ದಿನದೊಳಗೆ ನಮ್ಮ ವೈದ್ಯರು ನೋಡಿ ರೋಗವಿದೆ ಎಂದರೆ ಹಣ ಹಿಂದಿರುಗಿಸಬೇಕು ಎಂಬ ಸಾಲನ್ನೂ ಸೇರಿಸಿ. ಪ್ರಾಮಾಣಿಕರು ಇದಕ್ಕೆ ಒಪ್ಪುತ್ತಾರೆ. "ನಂಬಿಕೆ ಇಲ್ಲವೇ ನಿಮಗೆ" ಎಂದು ಸಿಟ್ಟಾಗುವವರನ್ನು ನಯವಾಗಿ ಬಿಟ್ಟುಬಿಡಿ.

ಚರ್ಚೆ ಆರಂಭಿಸಿದವರ ಪ್ರಕರಣದಲ್ಲಿ ವಾಟ್ಸ್‌ಆ್ಯಪ್ ಮಾತುಕತೆ, ಹಣ ಹೋದ ದಾಖಲೆ, ಆ ಸುಳ್ಳು ಕಾರ್ಡ್, ಪಾರ್ವೊ ಪರೀಕ್ಷೆಯ ವರದಿ, ಚಿಕಿತ್ಸೆಯ ಬಿಲ್ಲು ಎಲ್ಲವೂ ಇವೆ ಎಂದುಕೊಳ್ಳುತ್ತೇನೆ, ಯಾವುದನ್ನೂ ಅಳಿಸಬೇಡಿ. ವ್ಯಾಪಾರವಾಗಿ ಮರಿ ಮಾರುವವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಕೇಳಿ. ಮನೆಯ ನಾಯಿ ಒಮ್ಮೆ ಹಾಕಿದ ಮರಿಗಳನ್ನು ಕೊಟ್ಟವರ ವಿಷಯ ಬೇರೆ, ಗಂಗಾವತಿಯ ಅಕ್ಕನವರು ಇದರಿಂದ ಗಾಬರಿಯಾಗಬೇಕಿಲ್ಲ.

ಇನ್ನೊಂದನ್ನು ಹೇಳದಿರಲಾರೆ. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯವರೊಬ್ಬರಿಗೆ ಬೆಂಗಳೂರಿನಿಂದ ಸೈಬೀರಿಯನ್ ಹಸ್ಕಿ ಮರಿಯನ್ನು ಬಸ್ಸಿನ ಲಗೇಜಿನಲ್ಲಿ ಹಾಕಿ ಕಳುಹಿಸಿದ್ದರು. ಹಿಮದ ನಾಡಿನ ನಾಯಿಯನ್ನು ನಲವತ್ತು ಡಿಗ್ರಿ ದಾಟುವ ಊರಿಗೆ ಮಾರುವಾಗ "ಎಸಿ ಇದೆಯೇ" ಎಂದಷ್ಟೂ ಕೇಳಿರಲಿಲ್ಲ. ಮರಿ ಉಳಿಯಿತು, ಆದರೆ ಈಗಲೂ ಹಗಲೆಲ್ಲ ಸ್ನಾನದ ಮನೆಯ ತೇವದ ನೆಲದಲ್ಲಿ ಏದುಸಿರು ಬಿಡುತ್ತ ಮಲಗಿರುತ್ತದೆ. ತಾನು ಕೊಡುವ ಪ್ರಾಣಿ ಹೋಗುವ ಊರಿನಲ್ಲಿ ಹೇಗೆ ಬದುಕುತ್ತದೆಂದು ಯೋಚಿಸದವನು ನನ್ನ ದೃಷ್ಟಿಯಲ್ಲಿ ನಂಬಿಕೆಗೆ ಅರ್ಹನಲ್ಲ, ಅವನ ಕಾಗದಗಳೆಲ್ಲ ಸರಿಯಾಗಿದ್ದರೂ.

ಗಾಂಧಿನಗರ, ಬಳ್ಳಾರಿ (ಚರ್ಚೆ ಆರಂಭಿಸಿದವರು)

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಎಲ್ಲ ದಾಖಲೆಗಳನ್ನು ಜೋಡಿಸಿ ದೂರು ಕೊಟ್ಟಿದ್ದೇವೆ. ನೆಲ, ಗೋಡೆಯ ಬುಡ, ಮೆಟ್ಟಿಲು ಎಲ್ಲವನ್ನೂ ವೈದ್ಯರು ಹೇಳಿದ ಅಳತೆಯ ಬ್ಲೀಚಿನಿಂದ ಮೂರು ಸಲ ತೊಳೆದೆವು. ಕೌದಿಯನ್ನು ಮಗಳೇ ತಂದುಕೊಟ್ಟಳು.

ಕಳೆದ ಭಾನುವಾರ ತಂದೆಯವರನ್ನು ಕರೆದುಕೊಂಡು ಕಂಪ್ಲಿ ಹತ್ತಿರದ ಒಂದು ಮನೆಗೆ ಹೋಗಿದ್ದೆವು. ಲ್ಯಾಬ್ರಡಾರ್ ತಾಯಿ ಅಂಗಳದಲ್ಲಿತ್ತು, ಆರು ಮರಿಗಳು ಅದರ ಸುತ್ತ ಇದ್ದವು, ಐದು ವಾರ ತುಂಬಿದ್ದವು. ತಂದೆಯವರು ಎರಡು ಮರಿಗಳ ಬಾಯಿ ತೆರೆದು ಹಲ್ಲು ನೋಡಿದರು; ಮನೆಯವರು ಬೇಸರಪಡಲಿಲ್ಲ, ದೀಪ ಹಿಡಿದರು. ಇಂದೇ ಒಯ್ಯಬಹುದೇ ಎಂದು ಪರೀಕ್ಷೆಗಾಗಿ ಕೇಳಿದೆ. ಇನ್ನೂ ಮೂರು ವಾರ ಬಿಡುವುದಿಲ್ಲ, ಮೊದಲ ಲಸಿಕೆಯನ್ನು ನಮ್ಮ ವೈದ್ಯರೇ ಹಾಕುತ್ತಾರೆ, ಬೇಕಿದ್ದರೆ ಆ ದಿನ ನೀವೂ ಬನ್ನಿ ಎಂದರು. ಮುಂಗಡ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಿಂದೆ ಪಾರ್ವೊದಿಂದ ಮರಿ ಸತ್ತದ್ದನ್ನು ನಾನೇ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಎರಡನೆಯ ಡೋಸ್ ಆಗುವವರೆಗೂ ಮರಿ ನಮ್ಮಲ್ಲಿಯೇ ಇರಲಿ, ನೀವು ಬಂದು ನೋಡಿಕೊಂಡು ಹೋಗಿ ಎಂದರು.

ವೈದ್ಯರೇ, ಇದು ಸರಿಯೇ? ಎರಡನೆಯ ಡೋಸಿನ ಎಷ್ಟು ದಿನದ ನಂತರ ತರಬಹುದು?

ಪಶುವೈದ್ಯ, ರಾಯಚೂರು

ಅವರು ಹೇಳಿದ್ದು ಸರಿ, ನಾನೂ ಅದನ್ನೇ ಹೇಳುತ್ತಿದ್ದೆ. ಎರಡನೆಯ ಡೋಸ್ ಆಗಿ ಎರಡು ವಾರ ಬಿಟ್ಟು ತನ್ನಿ. ಹದಿನಾರು ವಾರದ ಡೋಸ್ ಮುಗಿಯುವವರೆಗೆ ಮನೆಯ ಹಿತ್ತಲಿನ ಮಣ್ಣಿಗೆ ಇಳಿಸಬೇಡಿ. ಅಲ್ಲಿ ಬ್ಲೀಚ್ ಕೆಲಸ ಮಾಡಿರುವುದಿಲ್ಲ. ತಂದ ಮಾರನೆಯ ದಿನವೇ ನಿಮ್ಮ ಊರಿನ ವೈದ್ಯರಿಗೆ ಕಾರ್ಡ್ ಸಮೇತ ಒಮ್ಮೆ ತೋರಿಸಿ, ಮಲವನ್ನೂ ಪರೀಕ್ಷೆಗೆ ಒಯ್ಯಿರಿ.